ಟೈಲ್ಸ್ ಮೇಲಿನ ಕಡಲು

ಅಂಗಡಿಯ ನೆಲದ ಮೇಲಿದ್ದ ಹಳದಿ ಕಯಾಕ್ ದೋಣಿಯಲ್ಲಿ ಕಾಲು ಚಾಚಿ ಕೂತ ಇಳಿವಯಸ್ಸಿನ ದರ್ಜಿ, ಕಣ್ಣು ಮುಚ್ಚಿ ಬರೀ ಗಾಳಿಗೆ ಹುಟ್ಟು ಹಾಕಿದ. ಟೈಲ್ಸ್ ನೆಲ ಮೆಲ್ಲಗೆ ತೂಗತೊಡಗಿತು.

"ಪಕ್ಕದಲ್ಲಿರೋ ಆ ಅಗಲದ ದೋಣಿ ದಡದ ಹತ್ತಿರಕ್ಕಷ್ಟೇ ಸಾರ್. ಇದಾದ್ರೆ ದಡಕ್ಕೂ ಸೈ, ನಡುಗಡಲಿಗೂ ಸೈ," ಎಂದ ಅಂಗಡಿಯವನು.

"ಸ್ನಾನ ಮಾಡ್ಸೋಕೇ ದಮ್ಮಯ್ಯ ಅನ್ಬೇಕು, ಇವರಿಗೆ ನಡುಗಡಲು ಬೇಕಂತೆ!" ಎಂದಳು ಹೆಂಡತಿ. ಬೇಡ ಅನ್ನಲೆಂದೇ ಜೊತೆಗೆ ಬಂದವಳು ಅವಳು.

ದರ್ಜಿ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಇಲ್ಲದ ಗಾಳವನ್ನು ದೂರಕ್ಕೆ ಬೀಸಿ, ಸೂಜಿಗೆ ದಾರ ಪೋಣಿಸುವಾಗಿನಂತೆ ಉಸಿರು ಹಿಡಿದು ಕಾದ. ಬೆರಳಿಗೆ ಏನೋ ಜಗ್ಗಿದಂತಾಯಿತು.

"ಸಿಕ್ತಾ?" ಪಕ್ಕದಿಂದ ಪಿಸುದನಿ ಕೇಳಿತು. ಅವನು ಕಣ್ಣು ತೆರೆದ. ಹೆಂಡತಿ ಕಯಾಕಿಗೆ ಒತ್ತಿಕೊಂಡು ಬರಿಗಾಲಲ್ಲಿ ನಿಂತಿದ್ದಳು; ನೆನೆಯಬಾರದೆಂದು ಚಪ್ಪಲಿ ಎರಡನ್ನೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.