ಮನೆ ನಂಬರು ೨೧೪

ಜ್ವರ ಬಂದದ್ದು ಕದೀಜಮ್ಮನಿಗೆ. ಐದು ದಿನ ಮಾತ್ರೆ ನುಂಗಿದ್ದು ಅಹ್ಮದ್ ಕುಂಞಿ.

ತಪ್ಪು ಕೃಷ್ಣಮೋಹನನದು. ಅದು ಅರುವತ್ತೊಂದನೇ ಇಸವಿ, ಮಲೇರಿಯವನ್ನು ಬೇರುಸಹಿತ ಕಿತ್ತೇ ತೀರಬೇಕೆಂದು ಸರಕಾರ ಹಟ ಹಿಡಿದಿದ್ದ ಕಾಲ. ಉಪ್ಪಿನಂಗಡಿಯಿಂದ ಮೇಲೆ, ಕುಮಾರಧಾರೆಯ ದಡದ ಊರುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಮನೆ ಸುತ್ತಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಹಿಡಿಯುವುದು ಅವನ ನೌಕರಿ. ಹಿಂದಿನ ವರ್ಷ ನೆರೆಯಲ್ಲಿ ಗುಡಿಸಲು ಕಳೆದುಕೊಂಡ ಕದೀಜಮ್ಮ, ಅಹ್ಮದ್ ಕುಂಞಿಯ ಒಣಮೀನಿನ ಅಂಗಡಿಯ ಜಗಲಿಯಲ್ಲಿ ಗೋಣಿ ಹೊದ್ದು ನಡುಗುತ್ತಾ ಕೂತಿದ್ದಳು. ರಿಜಿಸ್ಟರಿನ ಮೊದಲ ಅಂಕಣವೇ ಮನೆ ನಂಬರು. ಅದನ್ನು ಖಾಲಿ ಬಿಟ್ಟರೆ ಮೇಲಿನವರು ರಕ್ತವನ್ನು ನೋಡುವುದೇ ಇಲ್ಲ. ಕೃಷ್ಣಮೋಹನ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಅಂಗಡಿಯ ನಂಬರು ಬರೆದ. ಎರಡನೆಯ ಅಂಕಣ ಯಜಮಾನರ ಹೆಸರಿನದು. ಅಲ್ಲಿ ಅಹ್ಮದ್ ಕುಂಞಿಯ ಹೆಸರು ಬಂತು. ರೋಗಿಯ ಹೆಸರಿಗೆ ಬೇರೆ ಅಂಕಣ ಇರಲಿಲ್ಲ.

ಎರಡು ವಾರ ಕಳೆದು ಜೀಪಿನಲ್ಲಿ ಔಷಧದವರು ಬಂದರು. ರಕ್ತದಲ್ಲಿ ಮಲೇರಿಯ ಸಿಕ್ಕಿದೆ, ಐದು ದಿನ ನಮ್ಮ ಕಣ್ಣೆದುರೇ ಮಾತ್ರೆ ನುಂಗಬೇಕು ಎಂದರು.

"ನನಗೆ ಜ್ವರ ಇಲ್ಲ ಮಾರಾಯ್ರೆ!" ಎಂದು ಅಹ್ಮದ್ ಕುಂಞಿ ಕೂಗಿಕೊಂಡ.

"ಎಲ್ಲರೂ ಮೊದಲು ಹಾಗೇ ಹೇಳುದು. ಬಾಯಿ ತೆರೀರಿ."

ಮಾತ್ರೆ ಇಳಿಸಲು ದಿನಾ ನೀರು ತಂದುಕೊಟ್ಟವಳು ಕದೀಜಮ್ಮ. ಕೊಟ್ಟವಳು ಮತ್ತೆ ಹೋಗಿ ಗೋಣಿ ಹೊದ್ದು ಮಲಗುತ್ತಿದ್ದಳು.

ಕಡಬದ ಕಡೆ ಕೆಲಸಕ್ಕೆ ಹೋಗಿದ್ದ ಕೃಷ್ಣಮೋಹನ ಮರಳಿ ಬಂದಾಗ, ಐದು ದಿನದ ಮಾತ್ರೆಗೆ ಬಿಳಿಚಿಕೊಂಡಿದ್ದ ಅಹ್ಮದ್ ಕುಂಞಿ ಅವನ ರಟ್ಟೆ ಹಿಡಿದು ಪಂಚಾಯತಿಗೆ ಎಳೆದುಕೊಂಡು ಹೋದ. ಕದೀಜಮ್ಮ ಅಷ್ಟರಲ್ಲಿ ಎದ್ದು ಕೂರಲಾಗದಷ್ಟು ಸೋತಿದ್ದಳು. ಆ ನಂಬರಿನ ಕಾಯಿಲೆ ಗುಣವಾಗಿದೆಯೆಂದು ಕಾಗದದಲ್ಲಿ ಬರೆದಾಗಿತ್ತು. ಅದೇ ನಂಬರಿಗೆ ಮತ್ತೆ ಮಾತ್ರೆ ಕೇಳುವ ಹಾಗಿರಲಿಲ್ಲ.

"ಆ ಹೆಂಗಸಿಗೆ ಒಂದು ಸ್ವಂತ ನಂಬರು ಕೊಡಿ," ಎಂದು ಕೃಷ್ಣಮೋಹನ ಅಧ್ಯಕ್ಷರನ್ನು ಬೇಡಿಕೊಂಡ.

"ಕೊಡ್ಲಿಕ್ಕೆ ನಮಗೆಂತ ಅಡ್ಡಿ? ಆದರೆ ಬರೆಯುದು ಎಲ್ಲಿ? ನಂಬರು ಬರೆಯುದು ಗೋಡೆ ಮೇಲೆ."

"ಹಾಗಾದರೆ ಒಂದು ಮನೆ ಕಟ್ಟಿಸಿಕೊಡಿ."

"ಮನೆ ಕಟ್ಲಿಕ್ಕೆ ಪಂಚಾಯತಿಗೆ ಅಧಿಕಾರ ಇಲ್ಲ." ಅಧ್ಯಕ್ಷರ ಕಣ್ಣು ಕಿಟಕಿಯಾಚೆಯ ಕಲ್ಲುರಾಶಿಯ ಮೇಲೆ ಬಿತ್ತು. "ಗೋಡೆ ಕಟ್ಲಿಕ್ಕೆ ಉಂಟು."

ಯಾರೂ ನಗಲಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು. ಸಂತೆಕಟ್ಟೆಯ ಆವರಣದ ಗೋಡೆಗೆ ತಂದು ಮಿಕ್ಕಿದ್ದ ಕೆಂಪು ಮುರಕಲ್ಲಿನಿಂದ, ಹೊಳೆಬದಿಯ ಸರಕಾರಿ ಜಾಗದಲ್ಲಿ, ಮೂರನೆಯ ದಿನ ಒಂದು ಗೋಡೆ ಎದ್ದು ನಿಂತಿತು. ಆಳೆತ್ತರ, ಎಂಟು ಅಡಿ ಉದ್ದ. ಅತ್ತ ಹೊಳೆ, ಇತ್ತ ಬಯಲು, ಮೇಲೆ ಆಕಾಶ. ಗುಮಾಸ್ತ ಅದರ ಮೇಲೆ ಟಾರಿನಿಂದ ೨೧೪ ಎಂದು ದುಂಡಗೆ ಬರೆದ. ನಾಲ್ಕು ಜನ ಕದೀಜಮ್ಮನನ್ನು ಚಾಪೆಸಮೇತ ಎತ್ತಿ ತಂದು ಬಯಲ ಕಡೆಗೆ ಗೋಡೆಯ ಬುಡದಲ್ಲಿ ಮಲಗಿಸಿದರು. ಕೃಷ್ಣಮೋಹನನಿಗೆ ನಾಚಿಕೆಯಾಯಿತು. ಆದರೂ ಅವಳ ಬೆರಳು ಮತ್ತೆ ಚುಚ್ಚಿ, ರಿಜಿಸ್ಟರು ತೆಗೆದು, ಅಕ್ಷರ ಕೆಡದ ಹಾಗೆ ನಂಬರು ತುಂಬಿಸಿದ.

ಗಾಜನ್ನು ಅವನು ತಾನೇ ಉಪ್ಪಿನಂಗಡಿಗೆ ಒಯ್ದದ್ದರಿಂದ ಈ ಸಲ ಎರಡೇ ದಿನದಲ್ಲಿ ಮಾತ್ರೆ ಬಂತು. ಜೊತೆಗೆ ಆರೋಗ್ಯಾಧಿಕಾರಿಯೂ ಬಂದರು. ಹೊಸ ಮನೆಯೆಂದ ಮೇಲೆ ಡಿಡಿಟಿ ಹೊಡೆಯಲೇಬೇಕು. ಪಂಪಿನವನು ಗೋಡೆಯ ಮುಂದೆ ನಿಂತು ಕೈ ಚೆಲ್ಲಿದ.

"ಮದ್ದು ಹೊಡೆಯುದು ಒಳಗಿನ ಬದಿಗೆ ಮಾತ್ರ ಸಾರ್. ಇದರಲ್ಲಿ ಒಳಗೆ ಯಾವುದು?"

ಅಧಿಕಾರಿ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಗುಮಾಸ್ತನನ್ನು ನೋಡಿದರು. ಗುಮಾಸ್ತ ಠರಾವಿನ ಪುಸ್ತಕ ತಿರುವಿದ. ಅದರಲ್ಲಿ ಆ ವಿಚಾರ ಇರಲಿಲ್ಲ. ಕೊನೆಗೆ ಚಾಪೆಯ ಮೇಲಿಂದ ಕದೀಜಮ್ಮನೇ ಸಣ್ಣ ಸ್ವರದಲ್ಲಿ ಹೇಳಿದಳು:

"ಹೊಳೆ ಕಡೆಯ ಗಾಳಿ ಬಂದ್ರೆ ಈ ಬದಿ ಒಳಗೆ. ಬಯಲ ಕಡೆಯ ಗಾಳಿ ಬಂದ್ರೆ ಆ ಬದಿ ಒಳಗೆ."

"ಎರಡೂ ಕಡೆ ಹೊಡೆ," ಎಂದರು ಅಧಿಕಾರಿ. "ಮೊದಲು ಪಾತ್ರೆಪಗಡೆ ಹೊರಗೆ ಇಡ್ಲಿಕ್ಕೆ ಹೇಳು. ನಿಯಮ ಉಂಟು."

ಇದ್ದದ್ದು ಒಂದು ಮಣ್ಣಿನ ಗಡಿಗೆ. ಕೃಷ್ಣಮೋಹನ ಅದನ್ನು ಎತ್ತಿ ಗೋಡೆಯ ಆಚೆ ಇಟ್ಟ. ಆಚೆ ಹೊಡೆಯುವಾಗ ಮತ್ತೆ ಈಚೆ ತಂದಿಟ್ಟ. ಗೋಡೆ ಎರಡೂ ಬದಿಗೆ ಬೆಳ್ಳಗಾಯಿತು. ಅಧಿಕಾರಿ ತೃಪ್ತಿಯಿಂದ ಸಹಿ ಹಾಕಿದರು.

ಐದು ದಿನವೂ ಕೃಷ್ಣಮೋಹನ ತಾನೇ ಗಂಜಿ ತಂದು, ತಾನೇ ಮಾತ್ರೆ ನುಂಗಿಸಿದ. ಐದನೆಯ ದಿನ ಅವಳ ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು. ಅಂದು ಅವನು ಸೈಕಲ್ಲಿನ ಮೇಲೆ ಹಾಡುತ್ತಾ ಹೋದದ್ದನ್ನು ಅಹ್ಮದ್ ಕುಂಞಿ ಅಂಗಡಿಯಿಂದಲೇ ಕೇಳಿದ.

ಹದಿನೈದು ದಿನ ಬಿಟ್ಟು ಅವನು ಮತ್ತೆ ಆ ಊರಿಗೆ ಬಂದ. ಕದೀಜಮ್ಮ ಗೋಡೆಗೆ ನಾಲ್ಕು ತೆಂಗಿನ ಮಡಲು ಒರಗಿಸಿ ನೆರಳು ಮಾಡಿಕೊಂಡಿದ್ದಳು. ನೆಲ ಗುಡಿಸಿ ಚೊಕ್ಕ ಮಾಡಿದ್ದಳು. ಅವಳು ಎದ್ದು ಓಡಾಡುವುದನ್ನು ಕಂಡ ಖುಷಿಯಲ್ಲಿ ಕೃಷ್ಣಮೋಹನ ಬಯಲ ಕಡೆಯಿಂದ ನೇರ ಅವಳತ್ತ ಹೆಜ್ಜೆ ಹಾಕಿದ.

"ಅಲ್ಲಿಂದ ಬರ್ಬೇಡ ಮಗ!" ಕದೀಜಮ್ಮ ಕೂಗಿದಳು.

ಹಾವಿರಬೇಕೆಂದು ಅವನು ನಿಂತಲ್ಲೇ ನಿಂತ. "ಎಂತಾಯ್ತು?"

"ಅಲ್ಲಿ ಗೋಡೆ ಬರ್ಲಿಕ್ಕುಂಟು. ಬಾಗಿಲು ಈ ಕಡೆ."

ಕೃಷ್ಣಮೋಹನ ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬರೀ ಬಯಲನ್ನು ಸುತ್ತಿ ಬಂದು, ಅವಳು ತೋರಿಸಿದಲ್ಲಿ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದ.