ಬೀಜ ಕಡಿದು ಹೇಳಿದವರು

ಶೈಲಶ್ರೀ ದ್ರಾಕ್ಷಿಯ ಬೀಜವನ್ನು ಮತ್ತೊಮ್ಮೆ ಕಡಿದು ನೋಡಿದಳು. ಹಣ್ಣು ಮಾಗಿದೆಯೋ ಇಲ್ಲವೋ ತಿಳಿಯಲೇ ಇಲ್ಲ. ಬುಟ್ಟಿ, ಕತ್ತರಿ ಹಿಡಿದ ಆಳುಗಳು ಅವಳ ಬಾಯನ್ನೇ ನೋಡುತ್ತ ನಿಂತಿದ್ದರು.

ಗಜೇಂದ್ರಗಡದ ಗುಡ್ಡದ ಕೆಳಗಿನ ಈ ಮೂರೆಕರೆ ತೋಟ ರಾಸಾಯನಿಕ ಔಷಧ ಕಂಡದ್ದಿಲ್ಲ. ಇಲ್ಲಿನ ದ್ರಾಕ್ಷಿಯ ವೈನ್ ಕೊಂಡವರು ಇಷ್ಟು ಅಗ್ಗಕ್ಕೆ ಇಂಥ ಬಿಳಿ ವೈನೇ ಎಂದು ಬೆರಗಾಗುತ್ತಿದ್ದರೆ, ಅದಕ್ಕೆ ಕಾರಣ ಅಪ್ಪ ಈಶಪ್ಪ ಕೊಯ್ಲಿಗೆ ಆರಿಸುತ್ತಿದ್ದ ದಿನ. ಬದುವಿನ ಕಲ್ಲಿನ ಮೇಲೆ ಕೂತು ಅವನು "ಇವತ್ತ ಕೊಯ್ರಿ" ಅಂದರೆ ಮುಗಿಯಿತು. ಬೀಜ ಕಡಿದೇ ಹೇಳುತ್ತಾನೆಂದು ಎಲ್ಲರೂ ನಂಬಿದ್ದರು. ಅವನು ತೀರಿಕೊಂಡು ತಿಂಗಳಾಗಿತ್ತು.

"ಅಪ್ಪ ಹ್ಯಾಂಗ ಗೊತ್ತ ಹಿಡೀತಿದ್ನೋ ಏನೋ, ನನಗ ತಿಳಿವಲ್ದು ಯವ್ವಾ," ಎಂದಳು.

ತಾಯಿ ಶೇಖವ್ವ ಗೊನೆಯಿಂದ ಒಂದು ಹಣ್ಣು ಬಿಡಿಸಿಕೊಂಡಳು. "ನಿಮ್ಮಪ್ಪಗ ಹಲ್ಲರೆ ಎಲ್ಲಿದ್ವು? ಬೀಜ ಕಡದು ನಾ ಹೇಳ್ತಿದ್ನಿ. ಅವರು ನಿಮಗೆಲ್ಲಾ ಹೇಳ್ತಿದ್ರು."

ಅವಳ ಬಾಯಲ್ಲಿ ಬೀಜ ಕಟಕ್ಕೆಂದಿತು. ಮುಖ ಅರಳಿತು. ಪ್ರತಿ ವರ್ಷದಂತೆ ಬದುವಿನ ಕಲ್ಲಿನ ಕಡೆ ಹೊರಳಿ ಮೆಲ್ಲಗೆ, "ಆಗ್ಯಾವ ನೋಡ್ರಿ, ಎಲ್ಲಾರಿಗೂ ಹೇಳ್ರಿ," ಎಂದವಳು, ಅವನು ಹೇಳಲೆಂದು ಕಾದಳು.