ಪರ್ಸಿನಲ್ಲಿದ್ದ ಫೋಟೊ

ಯುದ್ಧದ ಸಿನಿಮಾ ಯಾವುದೇ ಇರಲಿ, ಹೆಂಡತಿ ಮಗುವಿನ ಫೋಟೊ ನೋಡುತ್ತಾ ಸಾಯುವ ಸೈನಿಕನೊಬ್ಬ ಇರಲೇಬೇಕು. ಆ ಪಾತ್ರಕ್ಕೆ ಒಬ್ಬ ನಿರ್ದೇಶಕರು ಹದಿನಾಲ್ಕು ವರ್ಷದಿಂದ ಜೂನಿಯರ್ ಆರ್ಟಿಸ್ಟ್ ಹೊಂಬಾಳಯ್ಯನನ್ನೇ ಕರೆಸುತ್ತಿದ್ದರು.

ಆ ದಿನ ಸೆಟ್ಟಿನವರು ಫೋಟೊ ತರುವುದನ್ನೇ ಮರೆತಿದ್ದರು. ಬಿಸಿಲು ಇಳಿಯುತ್ತಿತ್ತು. ನಿರ್ದೇಶಕರು ಎಲ್ಲರ ಮೇಲೂ ರೇಗಾಡಿದರು.

ಕಂದಕದಲ್ಲಿ ಸಾಯಲು ಮಲಗಿದ್ದ ಹೊಂಬಾಳಯ್ಯ ಎದ್ದು ಬಂದು, ತನ್ನ ಪರ್ಸಿನಿಂದ ಅಂಚು ಸವೆದ ಫೋಟೊ ಒಂದನ್ನು ತೆಗೆದುಕೊಟ್ಟ.

ನಿರ್ದೇಶಕರ ಮುಖ ಸಡಿಲವಾಯಿತು. "ನಿನ್ನ ಹೆಂಡ್ತಿ ಮಗುನಾ? ಲಕ್ಷಣವಾಗಿದಾರೆ ಕಣಯ್ಯ. ಊರಲ್ಲಿದಾರಾ?"

"ನನಗೆ ಮದುವೆ ಆಗಿಲ್ಲ ಸರ್."

"ಮತ್ತೆ ಇವರು ಯಾರು?"

"ನಿಮ್ಮ ಮೊದಲ್ನೇ ಪಿಕ್ಚರಲ್ಲಿ ಸಾಯೋ ಸೀನಿಗೆ ಅಂತ ನೀವೇ ಕೊಡ್ಸಿದ್ದು. ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ."